ವೈಂಡಿಂಗ್ ಅಂಗಡಿಯ ಪ್ರಶ್ನೆ

ಕನ್ನಡ ಮೇಷ್ಟರನ್ನು ಜನ ಏನೇನು ಕೇಳುತ್ತಾರೆಂಬುದಕ್ಕೆ ಲೆಕ್ಕವಿಲ್ಲ. ಮಗುವಿಗೊಂದು ಹೆಸರು, ಮದುವೆಯ ಕರೆಯೋಲೆಗೆ ಒಕ್ಕಣೆ, ತಹಸೀಲ್ದಾರರಿಗೆ ಅರ್ಜಿ, ಇವೆಲ್ಲ ನನಗೆ ರೂಢಿಯೇ. ಆದರೆ ನಮ್ಮ ಅಮೃತೂರಿನ ಮೋಟಾರ್ ವೈಂಡಿಂಗ್ ಅಂಗಡಿಯವರು ಮೊನ್ನೆ ಕೇಳಿದ್ದಕ್ಕೆ ಮಾತ್ರ ನಾನು ಸಿದ್ಧನಾಗಿರಲಿಲ್ಲ.

“ಮೇಷ್ಟ್ರೇ, ನಮ್ಮ ಹುಡುಗ ಭೌತಶಾಸ್ತ್ರ ತಗೊಂಡು ಬಿ.ಎಸ್ಸಿ. ಓದ್ತೀನಿ ಅಂತಾನೆ. ಕ್ವಾಂಟಮ್ ಕಂಪ್ಯೂಟರ್ ಬರ್ತದಂತೆ. ಬಿ.ಸಿ.ಎ. ಸೇರ್ಸಿದ್ರೆ ಮೂರು ವರ್ಷಕ್ಕೆ ಬೆಂಗಳೂರಲ್ಲಿ ಒಂದು ಕೆಲಸ ಆಗ್ತದೆ. ನೀವು ಹೇಳ್ದಂಗೆ ಮಾಡ್ತೀನಿ.”

ಸುಟ್ಟ ಪಂಪ್‌ಸೆಟ್ಟುಗಳ ನಡುವೆ ಕುಳಿತು ಮೂವತ್ತು ವರ್ಷ ತಾಮ್ರದ ತಂತಿ ಸುತ್ತಿದ ಮನುಷ್ಯ. ಮಗನ ಮೂರು ವರ್ಷವನ್ನು ನನ್ನ ಒಂದು ಮಾತಿನ ಮೇಲೆ ಇಡುತ್ತೇನೆನ್ನುತ್ತಾರೆ! ಎರಡು ದಿನ ಅವಕಾಶ ಕೇಳಿಕೊಂಡು ಬಂದೆ.

ಸರ್ಕಾರವೇನೋ ಸುಮ್ಮನೆ ಕುಳಿತಿಲ್ಲ. 2023ರ ಏಪ್ರಿಲಿನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ 6,003.65 ಕೋಟಿ ರೂಪಾಯಿ ಮಂಜೂರು ಮಾಡಿತು. ಅದರಲ್ಲಿ ಕಂಪ್ಯೂಟರಿನ ಭಾಗದ ಹೊಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಿತು. 2025ರಲ್ಲಿ ನಮ್ಮ ರಾಜ್ಯವೂ 1,000 ಕೋಟಿಯ ಯೋಜನೆ ಸಾರಿ, ಹೆಸರಘಟ್ಟದಲ್ಲಿ ಕ್ವಾಂಟಮ್ ನಗರಕ್ಕೆಂದು 6.17 ಎಕರೆ ಗುರುತಿಸಿತು. ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಕ್ವಾಂಟಮ್ ಪಠ್ಯಕ್ರಮವೂ ಸಿದ್ಧವಾಗಿದೆ. ಅವಸರಕ್ಕೆ ಕಾರಣವೂ ಇದೆ. ಇಂದು ಬ್ಯಾಂಕಿನ ಗುಟ್ಟನ್ನು ಕಾಯುವ ಬೀಗಗಳಲ್ಲಿ ಅನೇಕವು ದೊಡ್ಡ ಸಂಖ್ಯೆಯನ್ನು ಅಪವರ್ತನಗಳಾಗಿ ಒಡೆಯುವುದು ಕಷ್ಟವೆಂಬ ನಂಬಿಕೆಯ ಮೇಲೆ ನಿಂತಿವೆ. ತಕ್ಕಷ್ಟು ದೊಡ್ಡ ಕ್ವಾಂಟಮ್ ಯಂತ್ರಕ್ಕೆ ಅದು ಕಷ್ಟವಾಗದೆಂದು ಪೀಟರ್ ಶೋರ್ 1994ರಲ್ಲೇ ತೋರಿಸಿದರು. ಕಳ್ಳ ಬರುವ ಮೊದಲೇ ಊರಿಗೆಲ್ಲ ಹೊಸ ಬೀಗ ಹಾಕಿಸಬೇಕು.

ಇಷ್ಟೆಲ್ಲ ಓದಿದಾಗ ನನಗೆ ನೆನಪಾದದ್ದು ನಮ್ಮ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ. ಶಿಂಷಾ ನದಿಯ ನೀರು ಮಿತಿ ಮೀರಿದೊಡನೆ ಅಲ್ಲಿನ ಸೈಫನ್ನು ಯಾರ ಅಪ್ಪಣೆಗೂ ಕಾಯದೆ ಹೊರಗೆ ಸುರಿಯುತ್ತದೆ. ನೋಡಲು ಬಲು ಚಂದ. ಆದರೆ ಗದ್ದೆಗೆ ನೀರು ಬರುವುದು ಸೈಫನ್ನಿನಿಂದಲ್ಲ. ತೂಬು, ಕಾಲುವೆ, ನೀರಗಂಟಿ ಇವರಿಂದ. ಕಾಲುವೆಯ ಕೊನೆಯ ರೈತನನ್ನು ಕೇಳಿ, ಕೋಟಿಗಳ ಮಾತು ಬಿಟ್ಟು “ತೂಬು ಎತ್ತಿದ್ರಾ?” ಎನ್ನುತ್ತಾನೆ.

ನಾನಿರುವ ಕಾಲೇಜು ಅಂಥ ಕೊನೆಯ ಗದ್ದೆ. ಕಳೆದ ವರ್ಷ ಭೌತಶಾಸ್ತ್ರಕ್ಕೆ ಬಂದವರು ನಾಲ್ಕೇ ಜನ. ಹೀಗೇ ಆದರೆ ವಿಷಯವನ್ನೇ ಮುಚ್ಚಬೇಕಾದೀತೆಂಬ ಮಾತು ಸ್ಟಾಫ್ ರೂಮಿನಲ್ಲಿ ಆಗಾಗ ಸುಳಿಯುತ್ತದೆ. ಆ ಮಾತು ಬಂದಾಗಲೆಲ್ಲ ನನಗೆ ನಮ್ಮ ಜಿಲ್ಲೆಯವರೇ ಆದ ಬೆಳ್ಳಾವೆ ವೆಂಕಟನಾರಣಪ್ಪನವರ ನೆನಪು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅವರು 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರರ ಜೊತೆಗೂಡಿ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಕ್ವಾಂಟಮ್ ಕಲ್ಪನೆಯ ಮೂಲಪುರುಷ ಪ್ಲಾಂಕ್ ಅವರಿಗೆ ಸಂದದ್ದೂ ಅದೇ 1918ರ ನೊಬೆಲ್. ಪತ್ರಿಕೆ ಎರಡು ವರ್ಷ ನಡೆದು ನಿಂತಿತು. ನಿಂತದ್ದಕ್ಕೆ ನನಗೆ ದುಃಖವಿಲ್ಲವೆಂದಲ್ಲ. ಭೌತಶಾಸ್ತ್ರದ ಮೇಷ್ಟರು ಕನ್ನಡದ ಅಂಗಳಕ್ಕೆ ಅಷ್ಟು ದೂರ ನಡೆದು ಬಂದರಲ್ಲ, ಕನ್ನಡದ ಮೇಷ್ಟರಾದ ನಾವು ಅವರ ಅಂಗಳಕ್ಕೆ ಎಷ್ಟು ಹೆಜ್ಜೆ ಇಟ್ಟೆವು?

ಈ ನಾಚಿಕೆಯಲ್ಲೇ ಭೌತಶಾಸ್ತ್ರದ ಸಹೋದ್ಯೋಗಿಯ ಮುಂದೆ ಹೋಗಿ ಕುಳಿತೆ. ಅವರಿಗೆ ನಗು. “ಏನ್ ಸಾರ್, ಪಂಪನನ್ನ ಬಿಟ್ಟು ಪ್ಲಾಂಕ್ ಹತ್ರ ಬಂದ್ರಿ!” ಎನ್ನುತ್ತಲೇ ಆಕೆ ಹಲಗೆಯ ಮೇಲೆ ಬರೆದು ತೋರಿಸಿದರು. ಸಾಮಾನ್ಯ ಯಂತ್ರದ ಬಿಟ್ ಸೊನ್ನೆಯಾಗಿರಬೇಕು, ಇಲ್ಲವೇ ಒಂದಾಗಿರಬೇಕು; ಕ್ಯೂಬಿಟ್ ಎರಡೂ ಬೆರೆತ ಸ್ಥಿತಿಯಲ್ಲಿ ಇರಬಲ್ಲದು. ಆದರೆ ಬಹಳ ಸುಕುಮಾರ. ಚೂರು ಬಿಸಿ ತಾಗಿದರೂ ಆ ಸ್ಥಿತಿ ಕೆಡುತ್ತದೆ. ಆದ್ದರಿಂದ ಒಂದು ಬಗೆಯ ಯಂತ್ರವನ್ನು ಸೊನ್ನೆಗಿಂತ 273 ಡಿಗ್ರಿ ಕೆಳಗೆ, ಚಳಿಯ ಕಟ್ಟಕಡೆಯ ಎಲ್ಲೆಗೆ ಡಿಗ್ರಿಯ ನೂರರಲ್ಲೊಂದು ಪಾಲಿನಷ್ಟು ಹತ್ತಿರದಲ್ಲಿ ಇಡುತ್ತಾರಂತೆ. ನಾನು ಬರೆದುಕೊಂಡೆ. ಇಪ್ಪತ್ತು ವರ್ಷದ ಮೇಲೆ ನಾನು ನೋಟ್ಸ್ ಬರೆದದ್ದು ಅಂದೇ.

ಸಂಜೆ ಅಂಗಡಿಗೆ ಹೋಗಿ ಹುಡುಗನ ಎದುರಿಗೇ ಅಷ್ಟನ್ನೂ ಒಪ್ಪಿಸಿದೆ. ಬೆರೆತ ಸ್ಥಿತಿಯ ಮಾತಿಗೆ ಅಪ್ಪ ಕಿವಿಗೊಡಲಿಲ್ಲ. ಚಳಿಯ ಮಾತಿಗೆ ಮಾತ್ರ ಕೈಯ ಕೆಲಸ ನಿಲ್ಲಿಸಿದರು.

“ಅಷ್ಟು ಚಳಿಗೆ ತಂತಿ ಯಾವುದು? ತಾಮ್ರಾನಾ?”

ಪುಣ್ಯಕ್ಕೆ ಅದನ್ನೂ ಕೇಳಿಕೊಂಡಿದ್ದೆ. “ತಣ್ಣಗಿರೋ ಕಡೆ ನಯೋಬಿಯಮ್ ಟೈಟಾನಿಯಮ್ ಅಂತ ಬೇರೆ ಲೋಹ ಬಳಸ್ತಾರೆ. ಅಷ್ಟು ಚಳೀಲಿ ಅದಕ್ಕೆ ಪ್ರತಿರೋಧವೇ ಇರೋದಿಲ್ಲ. ಹಿಡಿದು ನಿಲ್ಲಿಸೋ ತಟ್ಟೆಗಳು ತಾಮ್ರದವು, ಮೇಲೆ ಚಿನ್ನದ ಲೇಪ.”

“ಅದಕ್ಕೆ ಬೆಸುಗೆ ಹಿಡಿಯೋದು ಕಷ್ಟ ಇರ್ಬೇಕಲ್ಲ?”

“ಕಷ್ಟವಂತೆ.”

“ಯಾರು ಹಾಕ್ತಾರೆ?”

ಆರು ಸಾವಿರ ಕೋಟಿಯ ವಿಷಯ ಓದುವಾಗ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಆ ಯಂತ್ರಕ್ಕೆ ಗಣಿತ ಬಲ್ಲವರು ಬೇಕು, ಸರಿ. ನಿರ್ವಾತದ ಪಂಪು ಸೋರದಂತೆ ನೋಡಿಕೊಳ್ಳುವವರು, ಕೂದಲೆಳೆಯಂಥ ತಂತಿಯನ್ನು ಕಡಿಯದೆ ಎಳೆಯುವವರು ಬೇಡವೇ? ಅಂಥವರನ್ನು ಯಾವ ಐ.ಟಿ.ಐ. ಕಲಿಸುತ್ತಿದೆ? ಕೆಲಸ ಖಂಡಿತ ಸಿಗುತ್ತದೆಂದು ನಾನು ಹೇಳಲಿಲ್ಲ. ಹೇಳುವ ಅಧಿಕಾರ ನನಗಿಲ್ಲ. ಎಂಎಸ್ಸಿಯವರೆಗೆ ಓದಿಸುವ ತಾಳ್ಮೆ ಬೇಕಾದೀತು, ನಡುವೆ ಸಂಬಳವಿರದು ಎಂದು ಮಾತ್ರ ಬಿಚ್ಚಿ ಹೇಳಿದೆ.

ಅವರು ಬಹಳ ಹೊತ್ತು ಎದುರಿಗಿದ್ದ ಮೋಟಾರಿನ ಹೊಟ್ಟೆಯನ್ನೇ ನೋಡುತ್ತಿದ್ದರು. ಹುಡುಗ ಉಸಿರು ಬಿಗಿಹಿಡಿದಿದ್ದ.

“ಸೇರ್ಕೋ,” ಎಂದರು ಕಡೆಗೆ. “ಆದ್ರೆ ದಿನಾ ಸಾಯಂಕಾಲ ಬಂದು ಇಲ್ಲಿ ಎರಡು ಗಂಟೆ ಕಾಯಿಲ್ ಸುತ್ತಬೇಕು.”