ಸೀಸೆಯ ಮೇಲಿನ ಹೆಸರು

ನನ್ನ ಪಿಎಚ್‌ಡಿ ಪ್ರಬಂಧದ ನಾಲ್ಕನೆಯ ಅಧ್ಯಾಯ ತಪ್ಪು. ತಪ್ಪಾಗಿದೆ ಎಂಬ ಗುರುತು ಕಣ್ಣೆದುರು ಬಂದು ನಿಂತಿತ್ತು. ನಾನೇ ಮುಖ ತಿರುಗಿಸಿಕೊಂಡೆ. ಇಷ್ಟು ವರ್ಷ ಇದನ್ನು ಮನೆಯವರಿಗೂ ಪೂರ್ತಿಯಾಗಿ ಹೇಳಿರಲಿಲ್ಲ. ಈಗ ಬಸವಕಲ್ಯಾಣದಲ್ಲಿ ಬಿಎಸ್ಸಿ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಅವರಲ್ಲಿ ಕೆಲವರಾದರೂ ಮುಂದೆ ಸಂಶೋಧನೆಗೆ ಹೋಗುತ್ತಾರೆ, ಅವರಿಗಾಗಿ ಬರೆಯುತ್ತಿದ್ದೇನೆ.

ಈ ರಸಾಯನಶಾಸ್ತ್ರದ ಹುಚ್ಚು ಹಿಡಿದದ್ದು ತೊಗರಿ ಹೊಲದಿಂದ. ನಮ್ಮ ಕಡೆ ತೊಗರಿ ಗಿಡ ಕಿತ್ತರೆ ಬೇರಿನ ಮೇಲೆ ಸಣ್ಣ ಗಂಟುಗಳು ಕಾಣುತ್ತವೆ. ಉಗುರಿನಿಂದ ಸೀಳಿದರೆ ಒಳಗೆ ಕೆಂಪು. ಅದು ಕಬ್ಬಿಣ ಹೊತ್ತ ಪ್ರೋಟೀನಿನ ಬಣ್ಣ, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ವಂಶದ್ದೇ. ಅದೇ ಗಂಟಿನಲ್ಲಿ ವಾಸ ಮಾಡುವ ಬ್ಯಾಕ್ಟೀರಿಯಾದ ನೈಟ್ರೊಜಿನೇಸ್ ಕಿಣ್ವದಲ್ಲಿ ಏಳು ಕಬ್ಬಿಣ, ಒಂದು ಮಾಲಿಬ್ಡಿನಮ್, ಒಂಬತ್ತು ಗಂಧಕದ ಪರಮಾಣುಗಳ ಒಂದು ಗೊಂಚಲಿದೆ. ಗೊಂಚಲಿನ ನಟ್ಟನಡುವೆ ಕೂತಿರುವುದು ಇಂಗಾಲ ಎಂದು ಖಚಿತವಾದದ್ದು 2011ರಲ್ಲಿ. ಯೂರಿಯಾ ಕಾರ್ಖಾನೆಗೆ ಬೇಕಾದ ಅಮೋನಿಯಾ ತಯಾರಿಸಲು ನೂರಾರು ಡಿಗ್ರಿ ಕಾವು, ನೂರಾರು ವಾಯುಭಾರದ ಒತ್ತಡ ಬೇಕು. ಈ ಗೊಂಚಲು ಆ ಕೆಲಸವನ್ನು ಹೊಲದ ತಂಪು ಮಣ್ಣಿನಲ್ಲೇ ಮುಗಿಸುತ್ತದೆ. ಹುಮನಾಬಾದ್ ಸುತ್ತಲಿನಂಥ ಕೆಂಪು ಮಣ್ಣು ಹುಳಿಯಾದಷ್ಟೂ ಮಾಲಿಬ್ಡಿನಮ್ ಕಬ್ಬಿಣದ ಆಕ್ಸೈಡಿಗೆ ಅಂಟಿಕೊಳ್ಳುತ್ತದೆ, ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ. ಜೀವಕ್ಕೂ ಲೋಹಕ್ಕೂ ಇಷ್ಟು ಹತ್ತಿರದ ನಂಟಿದೆ ಎಂದು ಎಂಎಸ್ಸಿಯಲ್ಲಿ ಓದಿದಾಗ, ಓದಿದರೆ ಇದನ್ನೇ ಓದಬೇಕು ಅನ್ನಿಸಿತು.

ಸಂಶೋಧನೆಗೆ ಸೇರಿದ ಮೇಲೆ ಸಿಕ್ಕಿದ್ದು ಲೋಹ-ಆಕ್ಸೈಡ್ ಗೊಂಚಲುಗಳು. ಮಾಲಿಬ್ಡಿನಮ್, ಟಂಗ್‌ಸ್ಟನ್, ವನೇಡಿಯಮ್ ಲೋಹಗಳು ಆಮ್ಲಜನಕದ ಜೊತೆ ಸೇರಿ ನೀರಿನಲ್ಲಿ ತಾವಾಗಿಯೇ ಕಟ್ಟಿಕೊಳ್ಳುವ ಅಣುಗಳಿವು. 1826ರಲ್ಲಿ ಬರ್ಜೀಲಿಯಸ್ ಹಳದಿ ಫಾಸ್ಫೊಮಾಲಿಬ್ಡೇಟ್ ಕಂಡಿದ್ದ. ಈ ಕುಲದ ಅಣುವಿನ ಒಳರಚನೆ ಕಾಣಲು 1933ರವರೆಗೆ, ಮ್ಯಾಂಚೆಸ್ಟರಿನ ಕೆಗ್ಗಿನ್ ಎಕ್ಸ್-ರೇ ಚಿತ್ರ ತೆಗೆಯುವವರೆಗೆ ಕಾಯಬೇಕಾಯಿತು. ನಡುವೆ ಒಂದು ಫಾಸ್ಫರಸ್, ಸುತ್ತ ಹನ್ನೆರಡು ಟಂಗ್‌ಸ್ಟನ್, ನಲವತ್ತು ಆಮ್ಲಜನಕ. 1995ರಲ್ಲಿ ಜರ್ಮನಿಯ ಬೀಲೆಫೆಲ್ಡಿನಲ್ಲಿ ಆಖಿಮ್ ಮ್ಯುಲ್ಲರ್ ತಂಡ 154 ಮಾಲಿಬ್ಡಿನಮ್ ಪರಮಾಣುಗಳ ದೊಡ್ಡ ಚಕ್ರವನ್ನೇ ತೋರಿಸಿತು. ಆ ಚಿತ್ರವನ್ನು ನಾನು ಹಾಸ್ಟೆಲ್ ಗೋಡೆಗೆ ಅಂಟಿಸಿಕೊಂಡಿದ್ದೆ.

ಆಗ ಎಲ್ಲರ ಬಾಯಲ್ಲೂ ಲೋಹ ಮತ್ತು ಕಿಣ್ವದ ಮಾತೇ. 2014ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಮುಗೇಶ್ ಮತ್ತು ಜೊತೆಗಾರರು ವನೇಡಿಯಮ್ ಪೆಂಟಾಕ್ಸೈಡಿನ ಅತಿಸೂಕ್ಷ್ಮ ತಂತಿಗಳು ಗ್ಲುಟಾಥಯೋನ್ ಪೆರಾಕ್ಸಿಡೇಸ್ ಕಿಣ್ವದಂತೆ ಕೆಲಸ ಮಾಡುತ್ತವೆ ಎಂದು ಪ್ರಕಟಿಸಿದ್ದರು. ನನಗೂ ಅಂಥದೊಂದು ಬೇಕಿತ್ತು. ಆ ಆಸೆ ಕೆಟ್ಟದ್ದಾಗಿರಲಿಲ್ಲ, ಅವಸರ ಕೆಟ್ಟದ್ದಾಗಿತ್ತು.

ಕೆಗ್ಗಿನ್ ಗೊಂಚಲನ್ನು ಬಫರಿನಲ್ಲಿ ಕರಗಿಸಿ, ಪಿಎಚ್ 7.4ರಲ್ಲಿ, ಫಾಸ್ಫಟೇಸ್ ಗುಂಪಿನ ಒಂದು ಕಿಣ್ವಕ್ಕೆ ಹಾಕಿದೆ. ಕಿಣ್ವ ಕೆಲಸ ಮಾಡಿದರೆ ದ್ರಾವಣ ಹಳದಿಗೆ ತಿರುಗಬೇಕು. ತಿರುಗಲಿಲ್ಲ. ಗೊಂಚಲು ಹೆಚ್ಚಿಸಿದಷ್ಟೂ ಹಳದಿ ಕಡಿಮೆ, ಗೆರೆ ಅಂದವಾಗಿ ಇಳಿಯಿತು. ಹನ್ನೆರಡು ಟಂಗ್‌ಸ್ಟನ್ನಿನ ದುಂಡನೆಯ ಅಣು ಕಿಣ್ವದ ಬಾಯಿ ಮುಚ್ಚಿದೆ ಎಂದು ಬರೆದೆ. ಚಿತ್ರವನ್ನೂ ಬರೆಸಿದೆ: ಕಿಣ್ವದ ಗುಳಿಯಲ್ಲಿ ನೀಲಿ ಗೊಂಚಲು ಕೂತ ಚಿತ್ರ.

ಅದೇ ದ್ರಾವಣದಲ್ಲಿ ಫಾಸ್ಫರಸ್ ಎಂಥ ಅಣುವಿನಲ್ಲಿದೆ ಎಂದು ಗೆರೆಗಳಲ್ಲಿ ತೋರಿಸುವ ಎನ್‌ಎಂಆರ್ ತೆಗೆಸಿದಾಗ ಸತ್ಯ ಎದುರು ಬಂತು. ಇಡೀ ಗೊಂಚಲಿನ ಗೆರೆ ಸುಮಾರು ಮೈನಸ್ 15ರಲ್ಲಿ ಬೀಳಬೇಕು. ನನ್ನದು ಮೈನಸ್ 10ರ ಹತ್ತಿರ ಬಿದ್ದಿತ್ತು, ಸೊನ್ನೆಯ ಆಚೀಚೆ ಇನ್ನೊಂದು ಮೋಟು ಗೆರೆ. ಬಫರಿನ ಪ್ರಭಾವವಿರಬೇಕು ಎಂದುಕೊಂಡೆ. ಸೊನ್ನೆಯ ಬಳಿಯ ಗೆರೆಯನ್ನು ಕಲ್ಮಷವೆಂದು ಚಿತ್ರದ ಅಂಚಿನಿಂದಾಚೆ ಕತ್ತರಿಸಿದೆ. ಹಾಗೆ ಕತ್ತರಿಸುವಾಗ ಕೈ ತಡೆಯಲಿಲ್ಲ ಎಂಬುದೇ ಇವತ್ತಿಗೂ ನನಗೆ ನೋವು.

ಆಗಿದ್ದೇನೆಂದರೆ, ಈ ಗೊಂಚಲು ಕಡು ಹುಳಿಯಲ್ಲಿ ಮಾತ್ರ ಇಡಿಯಾಗಿ ಬದುಕುತ್ತದೆ. ಪಿಎಚ್ 2 ದಾಟುತ್ತಿದ್ದಂತೆ ಒಂದು ಟಂಗ್‌ಸ್ಟನ್ ಉದುರಿ ಹನ್ನೊಂದರ ಗೊಂಚಲಾಗುತ್ತದೆ. ಮೈನಸ್ 10ರ ಗೆರೆ ಅದರದು. ಪಿಎಚ್ ಇನ್ನೂ ಏರಿದರೆ ಅದೂ ಒಡೆದು ಫಾಸ್ಫೇಟ್ ಮತ್ತು ಬಿಡಿ ಟಂಗ್‌ಸ್ಟೇಟ್ ಉಳಿಯುತ್ತವೆ. ಸೊನ್ನೆಯ ಬಳಿಯ ಮೋಟು ಗೆರೆ ಆ ಫಾಸ್ಫೇಟಿನದು. ಬಿಡಿ ಟಂಗ್‌ಸ್ಟೇಟ್ ಫಾಸ್ಫಟೇಸ್‌ಗಳನ್ನು ತಡೆಯುತ್ತದೆ ಎಂಬುದು ಹಳೆಯ ಸಂಗತಿ. ಅಂಗಡಿಯಲ್ಲಿ ಸಿಗುವ ಸೋಡಿಯಂ ಟಂಗ್‌ಸ್ಟೇಟ್ ಹಾಕಿ ಒಂದು ಕಂಟ್ರೋಲ್ ಪ್ರಯೋಗ ಮಾಡಿದ್ದರೆ ಎಲ್ಲ ಬಯಲಾಗುತ್ತಿತ್ತು. ನಾನು ಅದನ್ನು ಮಾಡಲಿಲ್ಲ. ಮಾಡಿದವಳು ನನ್ನ ನಂತರ ಆ ಕೆಲಸ ಮುಂದುವರಿಸಿದ ಹುಡುಗಿ. ನನ್ನ ಅಂಕಿಗಳ ಮೇಲೆ ತನ್ನ ಪ್ರಬಂಧ ಕಟ್ಟಲು ಹೊರಟು, ಏನೂ ಕೂಡಿಬರದೆ, ಕೊನೆಗೆ ಫೋನ್ ಮಾಡಿದಳು. "ಸರ್, ಬರೀ ಟಂಗ್‌ಸ್ಟೇಟ್ ಹಾಕಿದ್ರೂ ಅದೇ ಕರ್ವ್ ಬರ್ತಿದೆ" ಅಂದಳು. ಬೈಯಲಿಲ್ಲ. ಅವಳು ಕಳೆದುಕೊಂಡ ಕಾಲವನ್ನು ನಾನು ಹೇಗೆ ತುಂಬಿಕೊಡಲಿ?

ಇದೇ ಬಗೆಯ ಒಗಟು 1970ರ ದಶಕದಲ್ಲಿ ಬೇರೆಯವರಿಗೂ ಎದುರಾಗಿತ್ತು. ಸ್ನಾಯುವಿನಿಂದ ತೆಗೆದು ಮಾರುತ್ತಿದ್ದ ಎಟಿಪಿ ಬಳಸಿದರೆ ಜೀವಕೋಶದ ಸೋಡಿಯಂ ಪಂಪ್ ನಿಧಾನವಾಗುತ್ತಿತ್ತು. ಲೂಯಿಸ್ ಕ್ಯಾಂಟ್ಲಿ ಮತ್ತು ಸಂಗಡಿಗರು ಆ ಕಲ್ಮಷವನ್ನೇ ಬೆನ್ನುಹತ್ತಿ, ಅದು ವನಡೇಟ್ ಎಂದು 1977ರಲ್ಲಿ ತಿಳಿಸಿದರು. ಲೋಹ ಮತ್ತು ಜೀವದ ರಸಾಯನಶಾಸ್ತ್ರದಲ್ಲಿ ಅಲ್ಲಿಂದ ಹೊಸದೊಂದು ದಾರಿ ತೆರೆಯಿತು. ಅವರು ಬೆನ್ನುಹತ್ತಿದ್ದನ್ನು ನಾನು ಕತ್ತರಿಸಿ ಎಸೆದಿದ್ದೆ.

ಮಾರ್ಗದರ್ಶಕರಿಗೆ ಪತ್ರ ಬರೆದು ಎಲ್ಲ ಒಪ್ಪಿಕೊಂಡೆ, ತಿದ್ದುಪಡಿ ಪ್ರಕಟವಾಯಿತು. ಸಂಶೋಧನೆಯ ಹುದ್ದೆಗಳಿಗೆ ಅರ್ಜಿ ಹಾಕುವ ಧೈರ್ಯ ಉಳಿಯಲಿಲ್ಲ. ಊರಿಗೆ ಬಂದು, ಹುಮನಾಬಾದಿನ ಕೈಗಾರಿಕಾ ಪ್ರದೇಶದ ಒಂದು ಔಷಧಿ ಕಚ್ಚಾವಸ್ತು ಕಾರ್ಖಾನೆಯ ಗುಣಮಟ್ಟ ಪರೀಕ್ಷೆಯ (ಕ್ಯೂಸಿ) ವಿಭಾಗ ಸೇರಿದೆ. ದಿನಾ ಸಸ್ತಾಪುರ ಬಂಗ್ಲಾದಲ್ಲಿ ಬಸ್ಸು ಹಿಡಿದು ಹೋಗುವುದು. ಅಲ್ಲಿ ಡ್ರಮ್ ಬಂದಿಳಿದರೆ ಮೊದಲು ಸ್ಯಾಂಪಲ್, ಆಮೇಲೆ ಗುರುತಿನ ಪರೀಕ್ಷೆ, ಪಾಸಾಗುವವರೆಗೆ ಒಳಗೆ ಬಿಡುವಂತಿಲ್ಲ. ದಿನಾ ಅದೇ ಕಂಪನಿಯ ಅದೇ ಸಾಲ್ವೆಂಟ್ ಬರುತ್ತದಲ್ಲ, ಪ್ರತಿಸಲ ಯಾಕೆ ಎಂದು ಒಮ್ಮೆ ಕೇಳಿದೆ. ನನಗಿಂತ ಹಿರಿಯರಾದ, ಹತ್ತನೆಯ ಇಯತ್ತೆಗೆ ಓದು ಬಿಟ್ಟಿದ್ದ ಕೆಲಸಗಾರರೊಬ್ಬರು ಡ್ರಮ್ಮಿನ ಮುಚ್ಚಳ ತೆಗೆಯುತ್ತ ಅಂದರು: "ಮ್ಯಾಲ ಬರ್ದಿದ್ದು ಬರ್ದವಂದ್ರಿ ಸರ. ಒಳಗಿಂದು ನಾವೇ ನೋಡಬೇಕು." ಅವರು ನನ್ನ ಕಥೆ ತಿಳಿದವರಲ್ಲ. ನಾನು ಉತ್ತರ ಕೊಡದೆ ಸೀಸೆ ಹಿಡಿದು ನಿಂತೆ.

2020ರಲ್ಲಿ ವಿಯೆನ್ನಾದ ನಾಡಿಯಾ ಗುಮೆರೋವಾ ಮತ್ತು ಅನ್ನೆಟ್ ರೋಂಪೆಲ್ ಬರೆದ ವಿಮರ್ಶಾ ಲೇಖನ ಓದಿದೆ. ಈ ಗೊಂಚಲುಗಳು ದ್ರಾವಣದಲ್ಲಿ ಯಾವ ಪಿಎಚ್‌ನಲ್ಲಿ ಏನಾಗುತ್ತವೆ ಎಂಬ ವಿವರ ಅದರಲ್ಲಿತ್ತು. 2023ರಲ್ಲಿ ಅವರ ತಂಡ ಇದಕ್ಕೊಂದು ನಕ್ಷೆಗಳ ಸಂಗ್ರಹವನ್ನೇ ಹೊರತಂದಿತು. ಹೊಸದಾಗಿ ಈ ಕ್ಷೇತ್ರಕ್ಕೆ ಬರುವವರು ಮೊದಲು ಅದನ್ನು ಓದಲಿ.

ಕಾರ್ಖಾನೆ ಬಿಟ್ಟು ಈಗ ಪಾಠ ಮಾಡುತ್ತಿರುವ ನಮ್ಮ ಕಾಲೇಜಿನಲ್ಲಿ ಎನ್‌ಎಂಆರ್ ಇಲ್ಲ. ಮಣ್ಣಿನ ಫಾಸ್ಫರಸ್ ಅಳೆಯುವ ಮಾಲಿಬ್ಡಿನಮ್ ನೀಲಿ ಪರೀಕ್ಷೆ ಇದೆ. ರೈತರ ಮಣ್ಣು ಪರೀಕ್ಷೆಗೆ ಆಧಾರವಾದ ಆ ನೀಲಿಯೂ ಕೆಗ್ಗಿನ್ ಕುಲದ ಗೊಂಚಲಿನದೇ. ಆದರೆ ಸಿಲಿಕೇಟ್ ಇದ್ದರೂ ನೀಲಿ ಬಂದೀತು, ಆರ್ಸೆನೇಟ್ ಇದ್ದರೂ ಬಂದೀತು. ಮೊನ್ನೆ ಒಬ್ಬ ಹುಡುಗಿ ತಮ್ಮ ಹೊಲದ ಮಣ್ಣು ತಂದಿದ್ದಳು. ರೀಡಿಂಗ್ ಚೆನ್ನಾಗಿತ್ತು, ಗೆರೆ ನೇರವಾಗಿತ್ತು. ರೆಕಾರ್ಡ್ ಬುಕ್ಕಿನಲ್ಲಿ ಬರೆಯುವ ಮೊದಲು ಆಕೆ ಮಣ್ಣಿಲ್ಲದ ಬ್ಲ್ಯಾಂಕ್ ನಳಿಕೆಯನ್ನು ಬೆಳಕಿಗೆ ಹಿಡಿದು, "ಸರ್, ಇದೂ ಸ್ವಲ್ಪ ನೀಲಿ ಆಗ್ಯಾದ್ರಿ" ಅಂದಳು. ಗಾಜಿನ ಸಾಮಾನಿನಲ್ಲಿ ಸೋಪಿನ ಫಾಸ್ಫೇಟ್ ಉಳಿದಿರಬೇಕು ಅನ್ನಿಸಿತು. ಇಡೀ ಬ್ಯಾಚಿನ ರೀಡಿಂಗ್ ಹೊಡೆದುಹಾಕಿಸಿ, ಸಾಮಾನೆಲ್ಲ ಆಮ್ಲದಲ್ಲಿ ನೆನೆಹಾಕಿದೆವು. ಅವಳ ಹೊಲದ ಲೆಕ್ಕ ಮುಂದಿನ ವಾರಕ್ಕೆ ಹೋಯಿತು.