ಫಿನಾಯಿಲ್ ವಾಸನೆಯವರು



ಈ ದೇಶದಲ್ಲಿ ಮನುಷ್ಯನಿಗೆ ಮಾತ್ರವಲ್ಲ, ಅವನ ಕೈಗೂ ಜಾತಿ ಇದೆ. ಬರೆಯುವ ಕೈ ಮೇಲಿನದು. ಹೇಲು ಉಚ್ಚೆ ಬಾಚುವ ಕೈ, ಹೆತ್ತವಳ ರಕ್ತ ಒರೆಸುವ ಕೈ, ಸತ್ತದ್ದನ್ನು ಹೊರುವ ಕೈ ಊರ ಹೊರಗಿನದು. ನಾವು ಈ ಹೊರಗಿನ ಕೈಯವರು. ಮೂವರು ನರ್ಸುಗಳು. 1984ರಿಂದ 1987ರವರೆಗೆ ದಾವಣಗೆರೆಯ ಒಂದು ಕಾಲೇಜಿನಲ್ಲಿ, ಗಂಡಸರೇ ತುಂಬಿದ್ದ ತರಗತಿಯಲ್ಲಿ ಕೂತು ವಿಶ್ವವಿದ್ಯಾಲಯದ ಪದವಿ ಪಡೆದೆವು. ಕಾಲೇಜಿನ ಹೆಸರು ಬೇಡ, ದುಡಿದ ಆಸ್ಪತ್ರೆಯ ಹೆಸರೂ ಬೇಡ. ಹೆಸರು ಹೇಳಿದರೆ ‘ಅದೊಂದು ಕಡೆ ಹಂಗಿತ್ತು’ ಅಂತ ಉಳಿದವರು ನಿರಾಳ ಆಗ್ತಾರೆ. ‘ನಾನು’ ಅಂತ ಬರೆದರೆ ಒಬ್ಬಳ ಗೋಳು ಅಂದ್ಕೊಂಡು ಪುಟ ಮಗುಚ್ತಾರೆ. ಅದಕ್ಕೇ ಮೂವರೂ ಕೂಡಿ ‘ನಾವು’ ಅಂತ ಬರೀತಿದ್ದೇವೆ.

ನಮ್ಮಲ್ಲಿ ಒಬ್ಬಳ ಅಪ್ಪ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಮಾಲು ಇಳಿಸುವ ಕೂಲಿ. ಇನ್ನೊಬ್ಬಳ ಅಪ್ಪ ದಾವಣಗೆರೆಯ ಹತ್ತಿ ಗಿರಣಿಯಲ್ಲಿ. ಮತ್ತೊಬ್ಬಳ ಅವ್ವ ಮಂಡಕ್ಕಿ ಭಟ್ಟಿಯ ಹೊಗೆ ಕುಡಿದು ಕುಡಿದು ಕೆಮ್ಮುತ್ತಿದ್ದವಳು. ದಾವಣಗೆರೆಯಲ್ಲಿ ಮೆಡಿಕಲ್ ಕಾಲೇಜು 1965ರಿಂದಲೂ ಇದೆ. ಆದರೆ ಡಾಕ್ಟರ್ ಆಗುವ ಮಾತನ್ನು ನಮ್ಮ ಮೂರು ಮನೆಗಳಲ್ಲಿ ಯಾರೂ ಕನಸಿನಲ್ಲೂ ಆಡಲಿಲ್ಲ. ಮೂರೂ ಮನೆಯ ಲೆಕ್ಕ ಒಂದೇ ಇತ್ತು: ಎಸ್ಸೆಸ್ಸೆಲ್ಸಿ ಪಾಸಾದ ಹುಡುಗಿಗೆ ಇರೋಕೆ ಜಾಗ ಕೊಟ್ಟು, ಕೈಗೆ ನಾಲ್ಕು ಕಾಸು ಕೊಟ್ಟು ಕಲಿಸುವ ಓದು ಯಾವುದು? ನರ್ಸಿಂಗ್. ಮೂರೂವರೆ ವರ್ಷದ ಟ್ರೈನಿಂಗು. ಮೇಲ್ಜಾತಿಯ ಮನೆಗಳವರು ಆಗ ಹೆಣ್ಣುಮಕ್ಕಳನ್ನು ಆ ಕಡೆ ಕಳಿಸಲು ಹಿಂದೆಗೆಯುತ್ತಿದ್ದರು. ಗಂಡಸರ ಮೈ ಮುಟ್ಟುವ ಕೆಲಸ, ರಾತ್ರಿ ಪಾಳಿಯ ಕೆಲಸ, ಮೈಲಿಗೆಯ ಕೆಲಸ. ಅವರು ಬಿಟ್ಟ ಜಾಗಕ್ಕೆ ಕ್ರೈಸ್ತ ಹುಡುಗಿಯರು ಬಂದರು, ಗಂಡ ಸತ್ತವರು ಬಂದರು, ಗಂಡ ಬಿಟ್ಟವರು ಬಂದರು, ಆಮೇಲೆ ನಾವು ಕೇರಿಯವರು ಬಂದೆವು.

ಹಾಗೆ ನೋಡಿದರೆ ನಾವು ಹೊಸದಾಗಿ ಬಂದವರೂ ಅಲ್ಲ. ಹರಿಹರದವಳ ಅಜ್ಜಿ ಸೂಲಗಿತ್ತಿ. ಸುತ್ತಲ ಊರಿನ ದೊಡ್ಡ ಮನೆಗಳ ಮಕ್ಕಳನ್ನೆಲ್ಲ ಮೊದಲು ಹಿಡಿದ ಕೈ ಅವಳದು. ಹೆರಿಗೆಯ ನೋವು ಶುರುವಾದರೆ ನಡುರಾತ್ರಿ ಲಾಟೀನು ಹಿಡಿದು ಕೇರಿಗೆ ಓಡಿ ಬರ್ತಿದ್ದರು. ‘ಯವ್ವಾ, ಲಗೂನ ಬಾರವ್ವಾ’ ಅಂತಿದ್ದರು. ಆವಾಗ ಅವಳಿಗೆ ಒಳಮನೆಯ ತನಕ ದಾರಿ. ಕೂಸು ಅತ್ತ ಮೇಲೆ, ಕಸ ಬಿದ್ದ ಮೇಲೆ, ಅದೇ ದಾರಿಗೆ ಗಂಜಲ ಚಿಮುಕಿಸುತ್ತಿದ್ದರು. ಮೊರದ ತುಂಬ ಜೋಳ, ಒಂದು ಹಳೇ ಸೀರೆ ಹಿತ್ತಲ ಬಾಗಿಲಲ್ಲಿ ಸಿಗುತ್ತಿತ್ತು. ಹೆಸರಿಡುವ ದಿನ ಅವಳು ಅಂಗಳದ ಆಚೆ. ಹರಿಹರದ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೈಯ ಎರಡು ಅರ್ಧ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಎರಡು ದೇವರನ್ನು ಒಂದೇ ಮೈಯಲ್ಲಿ ಕೂಡಿಸಿದ ಸೀಮೆ, ತನ್ನ ಮಕ್ಕಳನ್ನು ಭೂಮಿಗೆ ಇಳಿಸಿದವಳನ್ನು ಒಂದೇ ಪಡಸಾಲೆಯಲ್ಲಿ ಕೂಡಿಸಲಿಲ್ಲ.

ನೌಕರಿ ಸಿಕ್ಕ ಮೇಲೆ ಯಾಕೆ ಓದೋಕೆ ಹೋದಿರಿ ಅಂತ ಕೇಳಿದವರು ಬಹಳ. ‘ಸಂಬಳ ಏರಲ್ಲ, ಪ್ರಮೋಷನ್ ಇಲ್ಲ, ಸುಮ್ನೆ ನಿದ್ದೆಗೇಡು’ ಅಂದರು ಹಿರಿಯ ಸಿಸ್ಟರುಗಳು. ಅವರ ಮಾತು ಸುಳ್ಳೇನಲ್ಲ. ಆದರೆ ಆ ದಿನಗಳ ಗಾಳಿಯೇ ಬೇರೆ ಇತ್ತು. ಬಿ. ಬಸವಲಿಂಗಪ್ಪನವರ ಮಾತಿಗೆ 1973ರಲ್ಲಿ ಬೂಸಾ ಗಲಾಟೆ ಎದ್ದಾಗ ನಾವು ಹೈಸ್ಕೂಲು ಹುಡುಗಿಯರು. ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರು 1938ರಲ್ಲಿ ಹುಟ್ಟಿದ್ದು ನಮ್ಮ ಹರಿಹರದಲ್ಲೇ. ‘ಶಿಕ್ಷಣ, ಸಂಘಟನೆ, ಹೋರಾಟ’ ಅಂತ ಗೋಡೆಗಳ ಮೇಲೆ ನೀಲಿ ಅಕ್ಷರ ಬೀಳುತ್ತಿದ್ದ ಕಾಲ. ಮೊದಲನೇ ಮಾತನ್ನು ನಾವು ಗಟ್ಟಿಯಾಗಿ ಹಿಡಿದೆವು, ಅಷ್ಟೆ.

ತರಗತಿಯಲ್ಲಿ ತೊಂಬತ್ತರ ಹತ್ತಿರ ಹುಡುಗರು, ಹೆಣ್ಣುಮಕ್ಕಳು ಏಳು ಜನ. ಆ ಏಳರಲ್ಲಿ ನಾವು ಮೂರು. ಹೆಂಗಸರಿಗೆ ಮುಂದಿನ ಬೆಂಚು. ಗೌರವಕ್ಕಲ್ಲ, ಕಣ್ಣಿಗೆ ಕಾಣ್ತಿರಲಿ ಅಂತ. ರಾತ್ರಿ ಪಾಳಿ ಮುಗಿಸಿ, ಬಿಳಿ ಸೀರೆ ಬಿಚ್ಚಿಟ್ಟು ಬಣ್ಣದ ಸೀರೆ ಉಟ್ಟು ಓಡುತ್ತಿದ್ದೆವು. ಸೀರೆ ಬದಲಾದರೂ ವಾಸನೆ ಬದಲಾಗುತ್ತಿರಲಿಲ್ಲ. ‘ಬಂತು ನೋಡ್ರಲೇ ಫಿನಾಯಿಲು’ ಅಂತ ಹಿಂದಿನಿಂದ ದನಿ. ಉಳಿದ ನಾಲ್ವರು ಹುಡುಗಿಯರು ಮೂರನೇ ದಿನಕ್ಕೆ ಎರಡನೇ ಬೆಂಚಿಗೆ ಸರಿದರು. ಅವರನ್ನು ನಾವು ಬೈಯೋದಿಲ್ಲ, ಅವರಿಗೂ ಮನೆಯಲ್ಲಿ ಉತ್ತರ ಕೊಡಬೇಕಿತ್ತು. ಅಪ್ಪನ ಮೈಯ ಚರ್ಮದ ವಾಸನೆಗೆ ದೂರ ಸರಿದವರನ್ನು ನೋಡಿಕೊಂಡೇ ಬೆಳೆದಿದ್ದೆವು. ವಾಸನೆ ಬದಲಾಗಿತ್ತು, ಸರಿಯೋದು ಬದಲಾಗಿರಲಿಲ್ಲ.

ಇನ್ನು ರಾತ್ರಿಯ ಮಾತು. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು ಡ್ಯೂಟಿ, ಎಂಟೂವರೆಗೆ ಮೊದಲನೇ ಪೀರಿಯಡ್ಡು. ಹೆರಿಗೆ ವಾರ್ಡಿನಲ್ಲಿ ಯಾವಳೋ ಒಬ್ಬಳ ಕೂಸಿನ ತಲೆ ಕಾಣ್ತಿರುವಾಗ ‘ಅಮ್ಮಾ, ನಂಗೆ ಇತಿಹಾಸದ ಕ್ಲಾಸಿದೆ’ ಅಂತ ಬರೋಕಾಗ್ತದಾ? ಹಾಜರಾತಿ ಕಡಿಮೆ ಬಿತ್ತು. ಶೇಕಡಾ 75 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸಲ್ಲ ಅಂದರು. ಡ್ಯೂಟಿ ಪಟ್ಟಿ ಹಿಡಿದು ಆಫೀಸಿಗೆ ಹೋದರೆ ಗುಮಾಸ್ತ ಪಟ್ಟಿ ನೋಡಲಿಲ್ಲ, ನಮ್ಮನ್ನೇ ಮೇಲಿಂದ ಕೆಳಗೆ ನೋಡಿದ. ‘ರಾತ್ರಿಯೆಲ್ಲ ಹೊರಗೇ ಇರ್ತೀರೇನಮ್ಮಾ?’ ಅಂದ. ಸುತ್ತಲಿದ್ದವರು ನಕ್ಕರು. ಗಿರಣಿಯಲ್ಲಿ ರಾತ್ರಿ ಪಾಳಿ ಮಾಡಿದ ಗಂಡಸು ಕಷ್ಟಜೀವಿ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿದ ಹೆಂಗಸಿಗೆ ಇವರ ಬಾಯಲ್ಲಿ ಬೇರೆ ಹೆಸರು.

ಆ ಕಟ್ಟಡದಲ್ಲಿ ಹೆಂಗಸರಿಗೆ ಪಾಯಖಾನೆ ಇರಲಿಲ್ಲ. ಇದನ್ನು ಬರೆಯೋದು ಬೇಡ, ನಾಚಿಕೆಗೇಡು ಅಂತ ನಮ್ಮಲ್ಲೇ ಒಬ್ಬಳು ಅಂದಳು. ನಾಚಿಕೆ ನಮ್ಮದಲ್ಲ, ಬರೀಲೇಬೇಕು ಅಂತ ಇಬ್ಬರು ಅಂದೆವು. ಎಂಟೂವರೆಯಿಂದ ಹನ್ನೆರಡರ ತನಕ ತಡಕೊಳ್ಳೋದು, ಆಮೇಲೆ ಬಸ್ ಸ್ಟ್ಯಾಂಡಿನ ಕಡೆ ಓಡೋದು. ಹರಿಹರದವಳಿಗೆ ಅಲ್ಲಿಂದ ಇನ್ನೂ ಅರ್ಧ ಗಂಟೆಯ ಬಸ್ಸಿನ ಹಾದಿ. ಅದಕ್ಕೇ ಬೆಳಿಗ್ಗೆಯಿಂದ ನೀರೇ ಕುಡೀತಿರಲಿಲ್ಲ. ರಾತ್ರಿ ವಾರ್ಡಿನಲ್ಲಿ ಬಸುರಿಯರಿಗೆ ‘ನೀರು ಜಾಸ್ತಿ ಕುಡೀಬೇಕವ್ವಾ, ತಡಕೋಬಾರದು’ ಅಂತ ಹೇಳೋರು ನಾವೇ, ಬೆಳಿಗ್ಗೆ ಉರಿಮೂತ್ರ ಹಿಡಿದು ಬೆಂಚಿನ ಮೇಲೆ ಹಲ್ಲು ಕಚ್ಚಿ ಕೂತೋರೂ ನಾವೇ. ಹೆಣ್ಣು ಓದೋಕೆ ಬರಬಾರದು ಅಂತ ಯಾವ ಬೋರ್ಡೂ ಹಾಕಿರಲಿಲ್ಲ. ಹಾಕುವ ಅಗತ್ಯವೇ ಇರಲಿಲ್ಲ.

ಎರಡನೇ ವರ್ಷದ ಸಮಾಜಶಾಸ್ತ್ರದ ಪಾಠ. ಸಂವಿಧಾನದ 17ನೇ ವಿಧಿ, ಅಸ್ಪೃಶ್ಯತೆಯ ನಿಷೇಧ. ಮೇಷ್ಟ್ರು ‘ಈಗ ಇದೆಯಾ?’ ಅಂತ ಕೇಳಿದರು. ಹಿಂದಿನ ಸಾಲಿನವನು ‘ಈಗೆಲ್ಲೈತೆ ಸಾರ್, ಎಲ್ಲ ಹೋಟ್ಲಾಗ ಒಟ್ಟಿಗೇ ಬೆಣ್ಣೆ ದೋಸೆ ತಿಂತಾರ’ ಅಂದ. ಎಲ್ಲರೂ ನಕ್ಕರು. ನಮ್ಮಲ್ಲಿ ಒಬ್ಬಳು ಎದ್ದು ನಿಂತಳು. ಹಿಂದಿನ ವಾರ ವಾರ್ಡಿನಲ್ಲಿ ನಡೆದದ್ದನ್ನು ಹೇಳಿದಳು. ಸೊಂಟ ಮುರಿದ ಯಜಮಾನರೊಬ್ಬರು ರಾತ್ರಿ ಬೆಡ್‌ಪ್ಯಾನ್ ಕೇಳಿದರು, ಕೊಟ್ಟೆವು. ಎತ್ತಿದೆವು, ತೊಳೆದೆವು, ಒರೆಸಿದೆವು. ಆಮೇಲೆ ನೀರು ಬೇಕು ಅಂದರು. ಲೋಟ ಹಿಡಿದು ಹೋದರೆ, ‘ನೀನು ಯಾವ ಪೈಕಿ ತಂಗೀ?’ ಅಂತ ಕೇಳಿದರು. ನೀರಿಗೆ ಜಾತಿ ಕೇಳಿದರು, ಬೆಡ್‌ಪ್ಯಾನಿಗೆ ಕೇಳಲಿಲ್ಲ. ‘ಇದನ್ನ ಏನಂತ ಬರ್ಕೋಬೇಕು ಸಾರ್ ನೋಟ್ಸಿನಲ್ಲಿ?’ ಅಂತ ಅವಳು ಕೇಳಿದಳು. ತರಗತಿ ತಣ್ಣಗಾಯಿತು. ಮೇಷ್ಟ್ರು ಗಡಿಯಾರ ನೋಡಿಕೊಂಡು ಮುಂದಿನ ಅಧ್ಯಾಯ ತೆಗೆದರು. ಆವತ್ತು ನಮಗೆ ಗೊತ್ತಾಯಿತು: ನಮ್ಮ ಬದುಕು ಅವರ ಸಿಲಬಸ್ಸಿನಲ್ಲಿ ಇದೆ, ನಮ್ಮ ಬಾಯಿ ಇಲ್ಲ.

ಫಿನಾಯಿಲು ಅಂದ ಹುಡುಗರಲ್ಲೇ ಒಬ್ಬ ಒಂದು ರಾತ್ರಿ ಅಕ್ಕನನ್ನು ಹೆರಿಗೆಗೆ ಕರಕೊಂಡು ಬಂದ. ರಕ್ತ ನಿಲ್ಲುತ್ತಿರಲಿಲ್ಲ. ನಮ್ಮಲ್ಲಿ ಇಬ್ಬರು ಪಾಳಿಯಲ್ಲಿದ್ದೆವು. ಡಾಕ್ಟರು ಬರುವ ತನಕ ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗುವ ಹಾಗೆ ತಿಕ್ಕಿದೆವು, ಕಾಲ ಕಡೆ ಮಂಚ ಎತ್ತರಿಸಿದೆವು, ಡ್ರಿಪ್ಪು ಹಾಕಿದೆವು. ಹೆಂಗಸು ಉಳಿದಳು. ಅವನು ಬಾಗಿಲಲ್ಲಿ ನಿಂತು ‘ಅಕ್ಕಾ, ನಿಮ್ಮ ಋಣ’ ಅಂತ ಅತ್ತ. ಸೋಮವಾರ ತರಗತಿಯಲ್ಲಿ ಕರಿಹಲಗೆಯನ್ನೇ ನೋಡ್ತಾ ಕೂತ. ವಾರ್ಡಿನಲ್ಲಿ ಅಕ್ಕ, ಕ್ಲಾಸಿನಲ್ಲಿ ಯಾರೋ. ಅವನು ಕೆಟ್ಟವನಲ್ಲ. ನಾಲ್ಕು ಜನರ ಎದುರು ನಮ್ಮನ್ನು ಗುರುತಿಸುವ ಧೈರ್ಯವನ್ನು ಆ ಕಾಲೇಜು ಅವನಿಗೆ ಕಲಿಸಿರಲಿಲ್ಲ.

ಇಲ್ಲಿಯವರೆಗೆ ತಲೆದೂಗಿದ ಚಳವಳಿಯ ಅಣ್ಣಂದಿರು ಇದನ್ನೂ ಓದಬೇಕು. ಅದೇ ವರ್ಷಗಳಲ್ಲಿ ನಾವು ಒಂದು ಸಂಘಟನೆಯ ಸಭೆಗಳಿಗೂ ಹೋಗುತ್ತಿದ್ದೆವು. ಅಲ್ಲಿ ಯಾರೂ ಮೂಗು ಮುಚ್ಚಲಿಲ್ಲ, ಅದು ನಿಜ. ಆದರೆ ಚಾಪೆಯ ಮೇಲೆ ಕ್ರಾಂತಿಯ ಚರ್ಚೆ ಕಾವೇರುತ್ತಿದ್ದಂತೆ ‘ತಂಗೀ, ಒಂದಿಷ್ಟು ಚಾ ಆಗ್ಲಿ’ ಅನ್ನೋ ಮಾತು ನಮ್ಮ ಕಡೆಗೇ ಬರುತ್ತಿತ್ತು. ಜಾಥಾ ಹೊರಟರೆ ಔಷಧಿ ಪೆಟ್ಟಿಗೆ ನಮ್ಮ ಕೈಗೆ, ಮೈಕು ಅವರ ಕೈಗೆ. ದೇವದಾಸಿ ಪದ್ಧತಿಯ ಬಗ್ಗೆ ಎರಡು ಗಂಟೆ ಭಾಷಣ ಮಾಡಿದವರು, ಆ ಹೆಂಗಸರ ಗಾಯಗಳನ್ನು ವಾರ್ಡಿನಲ್ಲಿ ತೊಳೆದ ನಮ್ಮನ್ನು ಐದು ನಿಮಿಷ ಮಾತಾಡಿ ಅನ್ನಲಿಲ್ಲ. ಜಾತಿಯನ್ನು ಕಂಡ ಕಣ್ಣಿಗೆ ಹೆಣ್ಣು ಕಾಣಲಿಲ್ಲ. ಇದನ್ನು ಹಗೆಗಾಗಿ ಬರೀತಿಲ್ಲ, ಮನೆಯವರು ಅಂತ ಬರೀತಿದ್ದೇವೆ.

ನಮ್ಮ ಕೈಯ ಕೆಲಸ ವಿದ್ಯೆ ಅಲ್ಲವೇ? ಸಾವಿತ್ರಿಬಾಯಿ ಫುಲೆ 1848ರಿಂದ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು, ಸಗಣಿ ಎರಚಿಸಿಕೊಂಡರು. 1897ರಲ್ಲಿ ಪ್ಲೇಗಿನ ರೋಗಿಗಳ ಸೇವೆ ಮಾಡುತ್ತಲೇ ಅದೇ ರೋಗ ತಗುಲಿ ಸತ್ತರು. ಪುಸ್ತಕಗಳು ಅವರನ್ನು ಶಿಕ್ಷಕಿ ಅಂತ ನೆನೆಯುತ್ತವೆ, ರೋಗಿಯನ್ನು ಹೊತ್ತ ಆ ಕೈಯನ್ನು ಅಷ್ಟಾಗಿ ನೆನೆಯುವುದಿಲ್ಲ. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ್ ಮುಂಬಯಿಯಲ್ಲಿ ನರ್ಸಾಗಿದ್ದವರು. 1973ರ ನವೆಂಬರ್ 27ರಂದು ದುಡಿಯುವ ಜಾಗದಲ್ಲೇ ಅತ್ಯಾಚಾರಕ್ಕೆ ಸಿಕ್ಕು, 2015ರ ಮೇ 18ರಂದು ತೀರಿಕೊಳ್ಳುವ ತನಕ ಹಾಸಿಗೆ ಹಿಡಿದಿದ್ದರು. ಅಷ್ಟು ವರ್ಷ ಅವರನ್ನು ನೋಡಿಕೊಂಡದ್ದು ಅದೇ ಆಸ್ಪತ್ರೆಯ ನರ್ಸುಗಳು, ಒಂದು ತಲೆಮಾರು ಹೋಗಿ ಇನ್ನೊಂದು ತಲೆಮಾರು ಬಂದು. 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ಆರೈಕೆಯನ್ನು ಮೆಚ್ಚಿ ಬರೆಯಿತು. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ ಶಾಲೆಯ ಮೆಟ್ಟಿಲು ಹತ್ತದೆ 15,000ಕ್ಕೂ ಮೇಲೆ ಹೆರಿಗೆ ಮಾಡಿಸಿದರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ಡಿಸೆಂಬರಿನಲ್ಲಿ ಅಜ್ಜಿ ಹೋದರು. ವಿಶ್ವವಿದ್ಯಾಲಯವೊಂದು ಬರೆಯದ ಕೈಯ ಮುಂದೆ ಬಾಗಿದ್ದನ್ನು ಟಿ.ವಿ.ಯಲ್ಲಿ ನೋಡಿ ನಾವು ಮೂವರೂ ಅತ್ತೆವು. ಹರಿಹರದ ಅಜ್ಜಿ ನೆನಪಾದಳು.

ಕಾಲ ಬದಲಾಗಿಲ್ಲ ಅನ್ನೋದಿಲ್ಲ. ನಾವು ಓದುವಾಗ ದಾವಣಗೆರೆ ಚಿತ್ರದುರ್ಗ ಜಿಲ್ಲೆಯ ಒಂದು ತಾಲೂಕು. 1997ರಲ್ಲಿ ಜಿಲ್ಲೆ ಆಯಿತು, 2009ರಲ್ಲಿ ಊರಿಗೇ ವಿಶ್ವವಿದ್ಯಾಲಯ ಬಂತು. ಈಗ ಬಸ್ಸು ತುಂಬ ಕಾಲೇಜಿಗೆ ಹೋಗುವ ಹುಡುಗಿಯರು, ನೋಡೋಕೆ ಕಣ್ಣಿಗೆ ಹಬ್ಬ. ನಮ್ಮನ್ನು ‘ಶುಶ್ರೂಷಾಧಿಕಾರಿ’ ಅಂತ ಕರೆಯುವ ಕಾಲವೂ ಬಂದಿದೆ. ಆದರೆ 2020ರ ಮೇ 3ರಂದು ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರಿನಿಂದ ಹೂ ಸುರಿದರಲ್ಲ, ಅದೇ ವರ್ಷ ಕೊರೊನಾ ಭಯಕ್ಕೆ ಬಾಡಿಗೆ ಮನೆಯವರು ನರ್ಸುಗಳನ್ನು ಹೊರಗೆ ಹಾಕಿದ ಸುದ್ದಿಗಳೂ ದೇಶದ ತುಂಬ ಬಂದವು. ಮೇಲಿನಿಂದ ಹೂವು, ಹೊಸ್ತಿಲಲ್ಲಿ ಗಂಜಲ. ನಮ್ಮ ಅಜ್ಜಿ ಇದನ್ನು ನೋಡಿದ್ದರೆ ಹೊಸತು ಅಂತಿರಲಿಲ್ಲ. ಗುತ್ತಿಗೆಯ ಮೇಲೆ ದುಡಿಯುವ ಹುಡುಗಿಯರು ಇವತ್ತೂ ನಮ್ಮ ಹತ್ತಿರ ಬಂದು ‘ಅಕ್ಕಾ, ಓದಬೇಕು, ರಜಾ ಕೊಡಲ್ಲ’ ಅಂತಾರೆ.

ಅದಕ್ಕೇ ಈ ಬರಹ. ಕಾಲೇಜು ನಡೆಸುವವರು ರಾತ್ರಿ ದುಡಿಯುವವರ ಡ್ಯೂಟಿ ಪಟ್ಟಿಯನ್ನು ಓದಲಿ, ಅವರ ಮುಖವನ್ನಲ್ಲ. ನೀರು ಬರುವ, ಚಿಲಕ ಇರುವ ಪಾಯಖಾನೆಯನ್ನು ಲೈಬ್ರರಿಯಷ್ಟೇ ಮುಖ್ಯ ಅಂತ ತಿಳಿಯಲಿ. ಸಂಘಟನೆಯ ಗೆಳೆಯರು ಮುಂದಿನ ಸಭೆಯಲ್ಲಿ ಚಾ ತಾವೇ ಕಾಸಿ, ಮೈಕನ್ನು ಒಬ್ಬ ನರ್ಸಿಗೆ, ಒಬ್ಬ ಆಶಾ ಕಾರ್ಯಕರ್ತೆಗೆ, ಒಬ್ಬ ಪೌರಕಾರ್ಮಿಕಳಿಗೆ ಕೊಡಲಿ. ಹಳ್ಳಿಯ ಮೇಷ್ಟ್ರೇ, ಟೀಚರಮ್ಮಾ, ನಿಮ್ಮ ಶಾಲೆಯಲ್ಲಿ ಸೂಲಗಿತ್ತಿಯ ಮೊಮ್ಮಗಳೊಬ್ಬಳು ಕೂತಿರಬಹುದು. ಅವಳ ಅಜ್ಜಿಯನ್ನು ಒಂದು ದಿನ ಶಾಲೆಗೆ ಕರೆಸಿ. ನಿಮ್ಮ ಕುರ್ಚಿಯಲ್ಲಿ ಕೂರಿಸಿ, ಕೂಸು ಹೇಗೆ ತಿರುಗಿದೆ ಅಂತ ಕೈಯಿಂದಲೇ ಹೇಗೆ ತಿಳೀತಿದ್ದೆ ಅಂತ ಕೇಳಿ. ಮಕ್ಕಳು ಅದನ್ನು ಪಾಠದ ಪುಸ್ತಕದಲ್ಲೇ ಬರಕೊಳ್ಳಲಿ. ಆಮೇಲೆ ಅವಳಿಗೆ ನಿಮ್ಮ ಲೋಟದಲ್ಲೇ ನೀರು ಕೊಡಿ.