ನೆಲುವಿನ ಬೆಣ್ಣೆ

ನಾನು ಮದುವೆಯಾಗಿ ಹುಬ್ಬಳ್ಳಿಗೆ ಬಂದದ್ದು 1994ರಲ್ಲಿ. ತುಮಕೂರು ಕಡೆಯವಳು, ಮುದ್ದೆ, ಉಪ್ಪುಸಾರು ಗೊತ್ತಿತ್ತೇ ಹೊರತು ಜೋಳದ ರೊಟ್ಟಿ ತಟ್ಟುವುದಿರಲಿ, ತಿನ್ನುವುದೂ ಸರಿಯಾಗಿ ಬರುತ್ತಿರಲಿಲ್ಲ. ಬಂದ ಮೊದಲ ದಿನ ಊಟಕ್ಕೆ ಕುಳಿತಾಗ ಅತ್ತೆಯವರು ಹಂಚಿನಿಂದ ಇಳಿದ ಬಿಸಿರೊಟ್ಟಿಯ ಮೇಲೆ ನಿಂಬೆಹಣ್ಣಿನಷ್ಟು ಬೆಣ್ಣೆ ಇಟ್ಟರು. ಅದು ಕರಗಿ ರೊಟ್ಟಿಯ ಅಂಚಿನವರೆಗೆ ಹರಿಯುವುದನ್ನು ನೋಡುತ್ತ ಅಲ್ಲೇ ನಿಂತರು. ನಾನು ಸಂಕೋಚದಿಂದ "ಸಾಕು ಅತ್ತೆ" ಎಂದೆ.

"ಬೆಣ್ಣಿಗೆ ಸಾಕು ಅನಬಾರದವಾ" ಎಂದು ಇನ್ನೊಂದಿಷ್ಟು ಇಟ್ಟರು.

ಸೊಸೆಯ ಮೇಲೆ ಇಷ್ಟು ಅಕ್ಕರೆಯ ಅತ್ತೆ ಎಷ್ಟು ಜನಕ್ಕೆ ಸಿಗುತ್ತಾರೆ, ಹೇಳಿ? ತವರಿಗೆ ಬರೆದ ಮೊದಲ ಕಾಗದದಲ್ಲೇ ಆ ಬೆಣ್ಣೆಯ ಸುದ್ದಿ ಬರೆದಿದ್ದೆ. ಆದರೆ ನಾವೆಲ್ಲ ಉಂಡೆದ್ದ ಮೇಲೆ ಅವರು ತಾವು ಕುಳಿತಾಗ ಅವರ ತಟ್ಟೆಯಲ್ಲಿ ಬೆಣ್ಣೆ ಇತ್ತೇ ಎಂದು ನಾನು ನೋಡಲಿಲ್ಲ. ಅಂದೂ ನೋಡಲಿಲ್ಲ, ಮುಂದೆ ಇಪ್ಪತ್ತೈದು ವರ್ಷವೂ ನೋಡಲಿಲ್ಲ.

ನಮ್ಮಲ್ಲಿ ದಿನಕ್ಕೆ ಎರಡು ಲೀಟರ್ ಎಮ್ಮೆ ಹಾಲು. ಅದರ ಕೆನೆಯನ್ನು ಅತ್ತೆಯವರು ಡಬ್ಬಿಯಲ್ಲಿ ಕೂಡಿಹಾಕಿ, ವಾರಕ್ಕೊಮ್ಮೆ ಹೆಪ್ಪು ಹಾಕಿ, ಕಡೆಗೋಲಿನಿಂದ ಕಡೆಯುತ್ತಿದ್ದರು. ಮಿಕ್ಸರಿನಲ್ಲಿ ಎರಡು ನಿಮಿಷದ ಕೆಲಸ ಎಂದರೆ ಕೇಳುತ್ತಿರಲಿಲ್ಲ. ರೊಟ್ಟಿಗೆ ಬೆಣ್ಣೆ, ದೋಸೆಗೆ ಬೆಣ್ಣೆ, ಉಪ್ಪಿಟ್ಟಿನ ಮೇಲೂ ಬೆಣ್ಣೆ. ಉಳಿದದ್ದು ತುಪ್ಪವಾಗಿ ಅನ್ನಕ್ಕೆ. ಮನೆಗೆ ಬಂದವರು ಯಾರೇ ಇರಲಿ, "ಹೇಗಿದ್ದೀರಿ" ಎನ್ನುವ ಮೊದಲೇ "ರೊಟ್ಟಿಗೆ ಬೆಣ್ಣಿ ಹಚ್ಚಲೇನು?" ಎನ್ನುವ ಪ್ರಶ್ನೆ.

2019ರ ನವೆಂಬರಿನಲ್ಲಿ ಒಂದು ಬೆಳಗಿನ ಜಾವ ನಮ್ಮವರಿಗೆ ಎದೆನೋವು ಕಾಣಿಸಿಕೊಂಡಿತು. ಆಗ ಅವರಿಗೆ ಐವತ್ತೊಂದು ವರ್ಷ. ಆಸ್ಪತ್ರೆ, ಆಂಜಿಯೋಗ್ರಾಂ, ಒಂದು ಸ್ಟೆಂಟ್. ಆ ನಾಲ್ಕು ದಿನಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಅನುಭವಿಸಿದವರಿಗೆ ಗೊತ್ತು, ಅನುಭವಿಸದವರಿಗೆ ಗೊತ್ತಾಗುವುದೂ ಬೇಡ. ಮನೆಗೆ ಕಳಿಸುವಾಗ ವೈದ್ಯರು ಬಿಡಬೇಕಾದ್ದನ್ನೆಲ್ಲ ಹೇಳಿದರು: ಸಿಗರೇಟು ಮೊದಲು, ಆಮೇಲೆ ಕುಳಿತೇ ಇರುವ ಅಭ್ಯಾಸ, ಉಪ್ಪು, ಸಿಹಿ, ಕರಿದದ್ದು, ಬೆಣ್ಣೆ, ತುಪ್ಪ. ಮಾವನವರೂ ಹೃದಯದ ಕಾಯಿಲೆಯಿಂದಲೇ 2003ರಲ್ಲಿ ಹೋದವರಾದ್ದರಿಂದ ವಂಶದಲ್ಲೇ ಇದು ಇದೆ, ಹುಷಾರು ಎಂದರು. ಅತ್ತೆಯವರು ಬಾಗಿಲ ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಮರುದಿನ ನೋಡಿದರೆ ಕಡೆಗೋಲು ತೊಳೆದು ಒಣಗಿ ಅಟ್ಟಕ್ಕೆ ಹೋಗಿತ್ತು.

ಅಡುಗೆಮನೆಯ ಯಜಮಾನಿಕೆ ಅಂದಿನಿಂದ ನನ್ನ ಕೈಗೆ ಬಂತು. ನನ್ನ ಆಳ್ವಿಕೆಯ ಮೊದಲ ಎರಡು ತಿಂಗಳ ಅವಾಂತರ ಕೇಳಿದರೆ ನೀವು ನಗುತ್ತೀರಿ. ಮೊದಲು ಎಲ್ಲವನ್ನೂ ಬರೀ ಬೇಯಿಸಿ ಇಟ್ಟೆ. ನಮ್ಮವರು ಮೂರನೆಯ ದಿನ "ಆಸ್ಪತ್ರೆ ಊಟನೇ ಛಲೋ ಇತ್ತು" ಎಂದರು. ಆಮೇಲೆ ಅಂಗಡಿಯಿಂದ ಬೆಣ್ಣೆಯಂತೆಯೇ ಕಾಣುವ ಮಾರ್ಗರಿನ್ ತಂದೆ. ಎಣ್ಣೆಯಿಂದ ಮಾಡಿದ್ದು, ಒಳ್ಳೆಯದಿರಬೇಕು ಎಂಬ ಲೆಕ್ಕ. ರಜೆಗೆ ಬಂದ ಮಗಳು ಡಬ್ಬಿ ಓದಿ, "ಅಮ್ಮಾ, ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿದಾಗ ಟ್ರಾನ್ಸ್ ಕೊಬ್ಬು ಹುಟ್ಟಬಹುದು. ಅದು ಬೆಣ್ಣೆಗಿಂತ ಕೆಟ್ಟದ್ದು" ಎಂದಳು. ವನಸ್ಪತಿಯ ಕಥೆಯೂ ಇದೇ ಅಲ್ಲವೇ? ಎಣ್ಣೆ, ಕೊಬ್ಬುಗಳಲ್ಲಿ ಇದು ಶೇಕಡಾ 2ನ್ನು ಮೀರಬಾರದೆಂಬ ನಿಯಮ ನಮ್ಮಲ್ಲಿ ಬಂದದ್ದು 2022ರ ಜನವರಿಯಿಂದ. ನಾನು ಡಬ್ಬಿ ತಂದದ್ದು ಅದಕ್ಕೂ ಮೊದಲು.

ಆಮೇಲೆ ಯಾರೋ ಕೊಬ್ಬರಿಎಣ್ಣೆ ಹೃದಯಕ್ಕೆ ಒಳ್ಳೆಯದೆಂದರು. ತರುವ ಮೊದಲು ಈ ಸಲ ಓದಿದೆ. ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರಿಸುವ ಸ್ಯಾಚುರೇಟೆಡ್ ಕೊಬ್ಬು 100 ಗ್ರಾಂ ಬೆಣ್ಣೆಯಲ್ಲಿ ಸುಮಾರು 50 ಗ್ರಾಂ ಇದ್ದರೆ, ಕೊಬ್ಬರಿಎಣ್ಣೆಯಲ್ಲಿ 80ಕ್ಕೂ ಹೆಚ್ಚು! ಶೇಂಗಾ ಎಣ್ಣೆಯಲ್ಲಿ 20ರ ಒಳಗೆ. ಕುಸುಬೆ ಎಣ್ಣೆಯಲ್ಲಿ 10ಕ್ಕಿಂತಲೂ ಕಡಿಮೆ. ಸರಿ, ಶೇಂಗಾ ಎಣ್ಣೆ ತಂದು ಬೆಣ್ಣೆ ಹಾಕುತ್ತಿದ್ದ ಧಾರಾಳದಲ್ಲೇ ಸುರಿದೆ. ಒಂದು ದೊಡ್ಡ ಚಮಚ ಬೆಣ್ಣೆಗೆ 100 ಕ್ಯಾಲೊರಿ, ಅಷ್ಟೇ ಎಣ್ಣೆಗೆ 120 ಎಂಬುದು ತಿಳಿದದ್ದು ನಮ್ಮವರ ತೂಕ ಎರಡು ಕಿಲೊ ಏರಿದ ಮೇಲೆ. ಬೆಣ್ಣೆಯಲ್ಲಿ ಒಂದಿಷ್ಟು ನೀರಾದರೂ ಇರುತ್ತದೆ, ಎಣ್ಣೆ ಪೂರ್ತಿ ಕೊಬ್ಬೇ. ಜಾತಿ ಬದಲಾಯಿಸಿದರೆ ಸಾಲದು, ಅಳತೆಯನ್ನೂ ಇಳಿಸಬೇಕು.

ಹೀಗಿರುವಾಗ ಒಂದು ಮಧ್ಯಾಹ್ನ ನಮ್ಮವರ ತಟ್ಟೆಯಲ್ಲಿ ಬದನೆಕಾಯಿ ಪಲ್ಯದ ಅಡಿಯಿಂದ ಏನೋ ಹಳದಿಯಾಗಿ ಹರಿಯಿತು. ಬೆಣ್ಣೆ! ಅತ್ತೆಯವರು ಪಕ್ಕದ ಮನೆಯಿಂದ ಇಸಿದುಕೊಂಡು ಬಂದು, ಕದ್ದು ಮಗನ ರೊಟ್ಟಿಗೆ ಹಚ್ಚಿದ್ದರು. ನನಗೆ ಆ ಬೆಳಗಿನ ಜಾವದ ಭಯವೆಲ್ಲ ಒಮ್ಮೆಲೇ ನುಗ್ಗಿಬಂತು. ಬಾಯಿಗೆ ಬಂದದ್ದು ಆಡಿಬಿಟ್ಟೆ.

"ನಿಮ್ಮ ಬೆಣ್ಣೆಯಿಂದಲೇ ಮಾವ ಹೋದರು. ಇವರೂ ಹೋಗಬೇಕೇ?"

ಅದು ನಿಜವಲ್ಲವೆಂದು ಆಡುವಾಗಲೇ ಗೊತ್ತಿತ್ತು. ದಿನಕ್ಕೆ ಹತ್ತು ಸಿಗರೇಟು ಸೇದಿದವರು ಇವರು. ಸಂಜೆ ಕುರ್ಚಿ ಬಿಟ್ಟೇಳದವರು ಇವರು. ವೈದ್ಯರ ಪಟ್ಟಿಯಲ್ಲಿ ಬೆಣ್ಣೆ ಕೊನೆಯಲ್ಲಿತ್ತು, ನಾನು ಅದೊಂದನ್ನೇ ಹಿಡಿದು ಬೀಸಿದ್ದೆ. ಅತ್ತೆಯವರು ಏನೂ ಅನ್ನಲಿಲ್ಲ. ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ.

ಮೂರನೆಯ ದಿನ ಅಕ್ಕಿ ಹಸನು ಮಾಡುತ್ತ ಕುಳಿತಿದ್ದಾಗ ತಾವಾಗಿಯೇ ಮಾತು ತೆಗೆದರು.

ಅವರ ಗಂಡನ ಮನೆ ರೋಣದ ಹತ್ತಿರದ ಹಳ್ಳಿ. ಮನೆಯಲ್ಲಿ ಎರಡು ಎಮ್ಮೆ. ಬೆಳಗ್ಗೆ ಎದ್ದು ಮೊಸರು ಕಡೆಯುವುದು ಕಿರಿ ಸೊಸೆಯಾದ ಇವರ ಕೆಲಸ. ತೆಗೆದ ಬೆಣ್ಣೆ ಗಡಿಗೆಯಲ್ಲಿ ನೆಲುವಿಗೆ ಏರುತ್ತಿತ್ತು. ಬೆಕ್ಕಿಗೆ ಸಿಗಬಾರದು, ಸೊಸೆಯರಿಗೂ ಸಿಗಬಾರದು. ಗಂಡಸರ ರೊಟ್ಟಿಗೆ ಒಂದಿಷ್ಟು, ಉಳಿದದ್ದೆಲ್ಲ ಸಂತೆಗೆ. ಬೆಣ್ಣೆಯ ದುಡ್ಡಿನಲ್ಲೇ ಉಪ್ಪು, ಬೆಲ್ಲ, ಸೀಮೆಎಣ್ಣೆ ಬರಬೇಕಿತ್ತು.

"1968ರಾಗ ಇವ ಹೊಟ್ಟ್ಯಾಗಿದ್ದ. ಆರು ತಿಂಗಳು. ಬೆಣ್ಣಿ ತಿನ್ನಬೇಕು ಅಂತ ಜೀವ ಒಂದೇ ಸಮ ಬಡಕೊಳ್ತಿತ್ತು. ಒಂದಿನ ಗಡಿಗಿಗೆ ಬೆರಳು ಹಾಕಿದೆ, ಯವ್ವಾ, ಬರೇ ಒಂದು ಬೆರಳು. ಬೆರಳಿನ ಗುರುತು ನೋಡಿದ್ರು ನಮ್ಮತ್ತಿ. ಹೊಲದಾಳುಗಳ ಮುಂದ ಕಳ್ಳಿ ಅಂದ್ರು." ಮೊರ ಅಲ್ಲಾಡುವುದು ನಿಂತಿತು. "1972ರಾಗ ನಿಮ್ಮ ಮಾವಗ ರೈಲ್ವೇದಾಗ ಕೆಲಸ ಸಿಕ್ಕು ಇಲ್ಲಿಗೆ ಬಂದ್ವಿ. ನನ್ನ ಮನ್ಯಾಗ ಬೆಣ್ಣಿ ಬ್ಯಾಡ ಅನ್ನೂ ಮಾತು ಯಾರಿಗೂ ಬರಬಾರದು ಅಂತ ಅವತ್ತ ಅನಕೊಂಡೆ. ಈಗ ನೀ ಅಂದಿ."

ನನ್ನ ಗಂಟಲು ಕಟ್ಟಿತು. ಏನಾದರೂ ಹೇಳಬೇಕೆಂದು, "ಹಾಗಾದರೆ ನೀವೆಲ್ಲ ರೊಟ್ಟಿಗೆ ಏನು ಹಚ್ಚಿಕೊಳ್ಳುತ್ತಿದ್ದಿರಿ?" ಎಂದೆ.

"ಹಿಂಡಿ. ಗುರೆಳ್ಳ ಹಿಂಡಿ, ಅಗಸಿ ಹಿಂಡಿ, ಶೇಂಗಾದ್ದು. ಮ್ಯಾಲ ಒಂದು ಹನಿ ಕುಸುಬಿ ಎಣ್ಣಿ. ಕುಡಿಯಾಕ ಬೆಣ್ಣಿ ತೆಗೆದ ಮಜ್ಜಿಗಿ."

ಹಿಂಡಿ ಎಂದರೆ ಹಳೇ ಮೈಸೂರು ಕಡೆಯ ನಮಗೆ ದನದ ಮೇವು ನೆನಪಾಗುತ್ತದೆ. ಇಲ್ಲಿ ಅದು ಚಟ್ನಿಪುಡಿ. ನನಗೋ ಎರಡು ತಿಂಗಳಿಂದ ಓದಿದ್ದೆಲ್ಲ ತಲೆಯಲ್ಲಿ ತುಂಬಿತ್ತು. ಅಗಸೆಯಲ್ಲಿ ಒಮೆಗಾ-3, ಕುಸುಬೆಯಲ್ಲಿ ಕೆಟ್ಟ ಕೊಬ್ಬು ಕಡಿಮೆ, ಬೆಣ್ಣೆ ತೆಗೆದ ಮಜ್ಜಿಗೆಯಲ್ಲಿ ಕ್ಯಾಲ್ಸಿಯಂ ಹಾಗೇ ಉಳಿದಿರುತ್ತದೆ. "ಅತ್ತೆ, ಅದೇ ಎಷ್ಟೋ ಒಳ್ಳೆಯದು! ಅದಕ್ಕೇ ನೀವು ಇಷ್ಟು ಗಟ್ಟಿ" ಎಂದು ಉತ್ಸಾಹದಿಂದ ಕೂಗಿಬಿಟ್ಟೆ.

ಅವರು ನನ್ನನ್ನೇ ನೋಡಿದರು. "ಒಳ್ಳೇದಂತ ತಿಂದಿಲ್ಲವಾ. ಬೆಣ್ಣಿ ಕೊಡಲಿಲ್ಲ ಅಂತ ತಿಂದ್ವಿ."

ಆ ದಿನ ನಾನು ತಲೆ ತಗ್ಗಿಸಿ ಅಕ್ಕಿ ಆರಿಸಿದೆ. ತಪ್ಪಾಯಿತೆಂದು ಹೇಳಿದ್ದು ರಾತ್ರಿ, ಹಾಸಿಗೆ ಹಾಸಿಕೊಡುವಾಗ.

ಮರುದಿನ ಬೆಳಗ್ಗೆ ಅವರು ಅಂಗಡಿಯಿಂದ ಅರ್ಧ ಕಿಲೊ ಅಗಸೆ ತರಿಸಿದರು. ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಚೂರು ಹುಣಸೆ, ಉಪ್ಪು ಸೇರಿಸಿ ಕುಟ್ಟಿದರು. ಅಗಸೆಯನ್ನು ಇಡಿಯಾಗಿ ನುಂಗಿದರೆ ಅದು ಹೊಟ್ಟೆಯಲ್ಲಿ ಕರಗದೆ ಹಾಗೇ ಹೊರಬೀಳುತ್ತದೆ, ಪುಡಿ ಮಾಡಬೇಕೆಂದು ನಾನು ಎಲ್ಲೋ ಓದಿದ್ದೆ. ಅವರಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ತಟ್ಟೆಯಲ್ಲಿ ಹಿಂಡಿಗೆ ಬೆರಳಿನಿಂದ ಗುಂಡಿ ಮಾಡಿ, ಒಂದು ಸಣ್ಣ ಚಮಚ ಕುಸುಬೆ ಎಣ್ಣೆ ಬಿಟ್ಟು ಮಗನ ಮುಂದಿಟ್ಟರು. ಮೊದಲು ಅವರ ಕಡೆ ಜೋಳದ ಹೊಲದ ಸುತ್ತ ಕುಸುಬೆ ಹಾಕುತ್ತಿದ್ದರಂತೆ. ಮುಳ್ಳಿನ ಗಿಡ, ದನ ನುಗ್ಗುವುದಿಲ್ಲ. ನಮ್ಮವರು ಎರಡು ರೊಟ್ಟಿ ಹೆಚ್ಚಿಗೆ ತಿಂದರು. ಬೆಣ್ಣೆಯ ಮಾತೇ ಬರಲಿಲ್ಲ.

ಅಲ್ಲಿಂದ ಅಡುಗೆಮನೆ ಇಬ್ಬರದ್ದಾಯಿತು. ದೋಸೆ ಹಂಚಿಗೆ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಒರೆಸುತ್ತೇವೆ. ಚಪಾತಿ ಮೆತ್ತಗಾಗಲು ಹಿಟ್ಟಿಗೆ ಎಣ್ಣೆಯ ಬದಲು ಮೊಸರು. ಮಗಳ ಹುಟ್ಟುಹಬ್ಬದ ಕೇಕಿಗೆ ಅರ್ಧ ಬೆಣ್ಣೆಯ ಜಾಗದಲ್ಲಿ ಕಿವುಚಿದ ಬಾಳೆಹಣ್ಣು. ಸಕ್ಕರೆಯೂ ಕಡಿಮೆ ಸಾಕಾಗುತ್ತದೆ. ಬೆಣ್ಣೆದೋಸೆಯ ಆಸೆಯಾದರೆ ಎಣ್ಣೆಯಲ್ಲೇ ಹುಯ್ದು, ಇಳಿಸುವಾಗ ಹುಣಸೆಬೀಜದಷ್ಟು ಬೆಣ್ಣೆ ಮೇಲಿಟ್ಟರೆ ಸಾಕು. ಬೆಣ್ಣೆಯ ಸುಖವೆಲ್ಲ ಘಮದಲ್ಲಿದೆ. ಕೊನೆಗೆ ಹಾಕಿದರೆ ಸ್ವಲ್ಪವೇ ಬಹಳವೆನಿಸುತ್ತದೆ. ಎಣ್ಣೆಯನ್ನು ತಿಂಗಳಿಗಿಷ್ಟೆಂದು ಅಳೆದು ಬೇರೆ ಡಬ್ಬಿಗೆ ಹಾಕಿಡುತ್ತೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾದರಿ ಊಟದ ಪಟ್ಟಿಯಲ್ಲಿ, 2000 ಕ್ಯಾಲೊರಿ ಉಣ್ಣುವವರಿಗೆ ದಿನಕ್ಕೆ ಎಣ್ಣೆ, ಕೊಬ್ಬು ಎಲ್ಲ ಸೇರಿ 27 ಗ್ರಾಂ ಇದೆ. ಮೂವರಿಗೆ ತಿಂಗಳಿಗೆ ಎರಡೂವರೆ ಲೀಟರಿನ ಆಸುಪಾಸು. ನಾವು ಎರಡರಲ್ಲಿ ಮುಗಿಸುತ್ತೇವೆ. ಹಿಂದೆ ನಾಲ್ಕು ಲೀಟರ್ ಬೇಕಾಗುತ್ತಿತ್ತು, ಬೆಣ್ಣೆ ಬೇರೆ.

ಹೋಳಿಗೆಗೆ ತುಪ್ಪದ ಬದಲು ಹಾಲು ಎಂದಾಗ ಮಾತ್ರ ಅತ್ತೆಯವರು ಒಪ್ಪಲಿಲ್ಲ. "ಹಂಗಾದ್ರ ಹಬ್ಬ ಯಾಕ?" ಎಂದರು. ಯುಗಾದಿಗೆ ಒಂದು ಸಣ್ಣ ಚಮಚ ಎಂದು ರಾಜಿಯಾಯಿತು.

ನಮ್ಮವರ ಕೊಲೆಸ್ಟರಾಲ್ ಇಳಿದಿದೆ. ಅದರಲ್ಲಿ ಮಾತ್ರೆಯ ಪಾಲೆಷ್ಟು, ಸಿಗರೇಟು ಬಿಟ್ಟದ್ದೆಷ್ಟು, ಬೆಳಗಿನ ನಡಿಗೆಯದೆಷ್ಟು, ನಮ್ಮ ಹಿಂಡಿಯದೆಷ್ಟು ಎಂದು ಬಿಡಿಸಿ ಹೇಳಲಾರೆ. ಮಾತ್ರೆ ಬಿಡಿ, ಅಗಸೆ ತಿನ್ನಿ ಎಂದು ನಾನೆಂದೂ ಯಾರಿಗೂ ಹೇಳುವುದಿಲ್ಲ.

ಕಳೆದ ವರ್ಷ ಒಂದು ದಿನ ಅತ್ತೆಯವರು ಉಣ್ಣುವುದನ್ನು ಪಕ್ಕದಲ್ಲಿ ಕುಳಿತು ನೋಡಿದೆ. ಒಣರೊಟ್ಟಿ, ಹಿಂಡಿ, ಮಜ್ಜಿಗೆ. "ಅತ್ತೆ, ಇಷ್ಟು ವರ್ಷ ಮನೆಯಲ್ಲಿ ಬೆಣ್ಣೆ ಇತ್ತಲ್ಲ, ನೀವು ತಿಂದದ್ದೇ ನನಗೆ ನೆನಪಿಲ್ಲ" ಎಂದೆ.

"ನಿಮಗೆಲ್ಲ ಹಚ್ಚೂದರಾಗ ತೀರಿಬಿಡ್ತಿತ್ತು" ಎಂದು ನಕ್ಕರು. ಇನ್ನೊಬ್ಬರಿಗೆ ಬ್ಯಾಡ ಎನ್ನಬಾರದೆಂದು ಪಣ ತೊಟ್ಟವರು ತಮ್ಮ ಪಾಲನ್ನು ಮರೆತೇಬಿಟ್ಟಿದ್ದರು.

ಮುಂದಿನ ಸಲ ಅವರನ್ನು ತಪಾಸಣೆಗೆ ಕರೆದುಕೊಂಡು ಹೋದಾಗ ವೈದ್ಯರನ್ನು ಕೇಳಿದೆ. ರಕ್ತದ ವರದಿ ನೋಡಿ, ಇವರ ತೂಕವೇ ಕಡಿಮೆ ಇದೆ, ಸ್ವಲ್ಪ ಬೆಣ್ಣೆ ತಿಂದರೆ ಅಡ್ಡಿಯಿಲ್ಲ ಎಂದರು. ಮನೆಗೆ ಬಂದವಳೇ ಅಟ್ಟದಿಂದ ಕಡೆಗೋಲು ಇಳಿಸಿದೆ. ಹೆಪ್ಪು ಹಾಕಿದೆ, ಕಡೆದೆ; ತೋಳು ನೋವು ಬಂದದ್ದು ನಿಜ. ಬಿಸಿರೊಟ್ಟಿಯ ಮೇಲೆ ನಿಂಬೆಹಣ್ಣಿನಷ್ಟಲ್ಲದಿದ್ದರೂ ಗೋಲಿಯಷ್ಟು ಬೆಣ್ಣೆ ಇಟ್ಟು, ಅದು ಕರಗುವವರೆಗೆ ಅಲ್ಲೇ ನಿಂತೆ.

ಅತ್ತೆಯವರು ಅಭ್ಯಾಸಬಲದಿಂದ ರೊಟ್ಟಿಯ ಅರ್ಧ ಮುರಿದು ಮಗನ ತಟ್ಟೆಯ ಕಡೆ ಕೈ ಚಾಚಿದರು. ಅವರು ತಮ್ಮ ತಟ್ಟೆಗೆ ಅಂಗೈ ಅಡ್ಡ ಹಿಡಿದು, ಹಿಂಡಿಯ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ನೀ ತಿನ್ನವ್ವಾ" ಎಂದರು.